ದುಡಿಮೆ, ಮುಂದಾಳತ್ವ ಮತ್ತು ಮನೆ

(ಸಂಘದ ವಾರ್ಷಿಕೋತ್ಸವದಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣ)

 

ಮುಂದಾಳತ್ವದ ಬಗ್ಗೆ ಮಾತನಾಡಬೇಕೆಂದು ಕಾರ್ಯದರ್ಶಿಗಳು ಹೇಳಿದಾಗ ನನಗೆ ನಗು ಬಂತು. ನಾನು ಮ್ಯಾನೇಜ್‌ಮೆಂಟ್ ಓದಿದವನಲ್ಲ. ಭದ್ರಾವತಿಯಲ್ಲಿ ಹುಟ್ಟಿ, ಐಟಿಐ ಮುಗಿಸಿ, ಶಿವಮೊಗ್ಗದ ಒಂದು ಎರಕದ ಕಾರ್ಖಾನೆಗೆ ಹೆಲ್ಪರ್ ಆಗಿ ಸೇರಿ, ಶಿಫ್ಟ್ ಇನ್‌ಚಾರ್ಜ್ ಆಗಿ ನಿವೃತ್ತನಾದವನು. ನನಗೆ ಗೊತ್ತಿರುವುದು ಅಷ್ಟೇ. ಅದನ್ನೇ ಹೇಳುತ್ತೇನೆ.

ನಾವು ಚಿಕ್ಕವರಿದ್ದಾಗ ಭದ್ರಾವತಿಯ ಮನೆಗಳಲ್ಲಿ ಗಂಡು ಮಕ್ಕಳ ಭವಿಷ್ಯದ ಚಿಂತೆ ಹೆಚ್ಚು ಇರಲಿಲ್ಲ. ಒಂದು ಕಬ್ಬಿಣದ ಕಾರ್ಖಾನೆ, ಇನ್ನೊಂದು ಕಾಗದದ ಕಾರ್ಖಾನೆ. ಎರಡರಲ್ಲಿ ಒಂದರ ಗೇಟು ನಮಗಾಗಿ ತೆರೆದೇ ಇರುತ್ತದೆ ಎಂಬ ನಂಬಿಕೆ. ನನ್ನ ತಂದೆಯವರೂ ಹಾಗೆಯೇ ನಂಬಿದ್ದರು. ನನಗೆ ಎರಡು ಕಡೆಯೂ ಕೆಲಸ ಸಿಗದಿದ್ದಾಗ ಅವರು ತಿಂಗಳುಗಟ್ಟಲೆ ಸರಿಯಾಗಿ ಮಾತನಾಡಲಿಲ್ಲ. ಶಿವಮೊಗ್ಗದ ಬಸ್ಸು ಹತ್ತುವುದೆಂದರೆ ಅವರ ದೃಷ್ಟಿಯಲ್ಲಿ ಸೋಲು.

ಆದರೆ ಈ ಎರಡು ಕಾರ್ಖಾನೆಗಳ ಹಿಂದಿದ್ದವರನ್ನು ನೆನಪಿಸಿಕೊಳ್ಳಿ. ಕಬ್ಬಿಣದ ಕಾರ್ಖಾನೆ 1923ರಲ್ಲಿ ಆರಂಭವಾಯಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು. ಆರಂಭದಲ್ಲೇ ನಷ್ಟ. ದಿವಾನಗಿರಿ ಬಿಟ್ಟು ಐದು ವರ್ಷವಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಆ ನಷ್ಟದ ಹೊರೆ ಹೊತ್ತು ಆಡಳಿತ ಮಂಡಳಿಯ ಅಧ್ಯಕ್ಷರಾದರು, 1929ರವರೆಗೆ ದುಡಿದರು. ಅದಕ್ಕಾಗಿ ಅವರಿಗೆ ಸಲ್ಲಬೇಕಾಗಿದ್ದ ಒಂದು ಲಕ್ಷ ರೂಪಾಯಿಗೂ ಮೀರಿದ ಸಂಭಾವನೆಯನ್ನು ತಮಗಾಗಿ ತೆಗೆದುಕೊಳ್ಳದೆ, ಹುಡುಗರಿಗೆ ಕಸುಬು ಕಲಿಸುವ ಶಾಲೆಗೆ ಬಳಸಿ ಎಂದರು. ಬೆಂಗಳೂರಿನ ಎಸ್.ಜೆ. ಪಾಲಿಟೆಕ್ನಿಕ್ ಹುಟ್ಟಿದ್ದು ಹಾಗೆ. ಇನ್ನು ಕಾಗದದ ಕಾರ್ಖಾನೆ 1936ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ ಸ್ಥಾಪನೆಯಾಯಿತು. ಮಿರ್ಜಾ ಸಾಹೇಬರ ಹೆಸರನ್ನು ನಮ್ಮ ಸಭೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಅವರು 1926ರಿಂದ 1941ರವರೆಗೆ, ಹದಿನೈದು ವರ್ಷ, ಇಡೀ ಮೈಸೂರಿನ ಜನರ ದಿವಾನರಾಗಿದ್ದರು ಎಂಬುದನ್ನೂ ಅಷ್ಟೇ ಹೆಮ್ಮೆಯಿಂದ ಹೇಳಬೇಕು.

ಅಂಥವರು ಕಟ್ಟಿದ ಗೇಟುಗಳೂ ಶಾಶ್ವತವಾಗಲಿಲ್ಲ. ಕಾಗದದ ಕಾರ್ಖಾನೆಯ ಉತ್ಪಾದನೆ 2015ರಲ್ಲಿ ನಿಂತಿತು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿತ್ತು, ಅದೇ ವರ್ಷ ಒಂದೆರಡು ವಿಭಾಗ ಮತ್ತೆ ಚಾಲನೆಯಾದವು. ಪೇಪರ್ ಟೌನಿನ ಬೀದಿಗಳಲ್ಲಿ ಈಗ ನಡೆದರೆ ನನಗೆ ತಂದೆಯವರ ಮೌನ ನೆನಪಾಗುತ್ತದೆ. ಕೆಲಸ ಕಳೆದುಕೊಂಡವರಲ್ಲಿ ಬೇಗ ಎದ್ದು ನಿಂತವರು ಯಾರು ಎಂದು ನಾನು ಗಮನಿಸಿದ್ದೇನೆ. ವೆಲ್ಡಿಂಗ್, ಎಲೆಕ್ಟ್ರಿಕಲ್, ಬಾಯ್ಲರ್, ಲೆಕ್ಕಪತ್ರ, ಹೀಗೆ ಕೈಯಲ್ಲಿ ಒಂದು ವಿದ್ಯೆ ಇದ್ದು, ಅದಕ್ಕೆ ಸರ್ಟಿಫಿಕೇಟೂ ಇಟ್ಟುಕೊಂಡವರು. ವಿದ್ಯೆ ಇದ್ದೂ ಕಾಗದ ಇಲ್ಲದವರು ಬಹಳ ಕಷ್ಟಪಟ್ಟರು. ಇಪ್ಪತ್ತು ವರ್ಷ ಮೋಟಾರು ಬಿಚ್ಚಿ ಜೋಡಿಸಿದವರನ್ನೂ ಹೊಸ ಕಡೆ ಹೆಲ್ಪರ್ ಎಂದೇ ಬರೆದುಕೊಂಡರು.

ಇನ್ನು ಮುಂದಾಳತ್ವ. 1998ರಲ್ಲಿ ನನ್ನನ್ನು ಸೂಪರ್‌ವೈಸರ್ ಮಾಡಿದರು. ಆರು ತಿಂಗಳೂ ಆಗಿರಲಿಲ್ಲ, ನಮ್ಮ ಪಾಳಿಯ ಒಂದು ಲೋಡು ಎರಕ ವಾಪಸ್ ಬಂತು. ಒಳಗೆಲ್ಲ ಗಾಳಿಯ ತೂತುಗಳು. ನಾನು ಅಚ್ಚು ಕಟ್ಟುವ ಹಿರಿಯ ಕೆಲಸಗಾರರೊಬ್ಬರನ್ನು ಎಲ್ಲರ ಎದುರಿಗೆ ಬೈದೆ. ನನ್ನ ತಂದೆಯ ವಯಸ್ಸಿನವರು. ಅವರು ಒಂದು ಮಾತೂ ಆಡದೆ ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಕೈ ಒರೆಸಿಕೊಂಡು ಹೋದರು.

ಸಂಜೆ ರಿಜಿಸ್ಟರ್ ತೆಗೆದು ನೋಡಿದರೆ ಆ ದಿನ ಮರಳಿನ ತೇವಾಂಶ ಪರೀಕ್ಷಿಸಿದ ಕಾಲಂ ಖಾಲಿ. ಅಲ್ಲಿ ಸಹಿ ಮಾಡಬೇಕಾಗಿದ್ದವನು ನಾನು. ಮರಳಿನಲ್ಲಿ ನೀರು ಹೆಚ್ಚಾದರೆ ಕಾದ ಲೋಹ ಬಿದ್ದಾಗ ಅದು ಆವಿಯಾಗುತ್ತದೆ, ಆವಿ ಹೊರಗೆ ಹೋಗಲು ದಾರಿ ಸಿಗದೆ ಎರಕದೊಳಗೆ ತೂತಾಗುತ್ತದೆ. ಇದು ಐಟಿಐ ಹುಡುಗನಿಗೂ ಗೊತ್ತು. ಆ ರಾತ್ರಿ ನಿದ್ದೆ ಬರಲಿಲ್ಲ. ಕಾಲಂ ತುಂಬಿಬಿಡಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಆ ಯೋಚನೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಮರುದಿನ ಪಾಳಿ ಆರಂಭವಾಗುವ ಮುಂಚೆ, ಅದೇ ಜನರ ಮುಂದೆ, "ತಪ್ಪು ನನ್ನದು, ನಾನು ಪರೀಕ್ಷೆ ಮಾಡಿಸಿರಲಿಲ್ಲ" ಎಂದೆ. ಬೈದದ್ದು ಎಲ್ಲರ ಮುಂದೆ ಆಗಿದ್ದರಿಂದ ಕ್ಷಮೆಯನ್ನೂ ಮೂಲೆಯಲ್ಲಿ ಕೇಳುವಂತಿರಲಿಲ್ಲ. ಆ ಹಿರಿಯರು, "ಆಯ್ತು ಬಿಡಿ ಸಾಬ್ರೇ, ಮರಳು ನೋಡೋಣ ಬನ್ನಿ" ಎಂದರು. ಆಮೇಲೆ ಮರಳನ್ನು ಕೈಯಲ್ಲಿ ಹಿಡಿದು ಅದುಮಿ ತೇವ ಹೇಳುವುದನ್ನು ನನಗೆ ಕಲಿಸಿದವರೂ ಅವರೇ. ಆ ಒಂದು ಲೋಡಿನ ನಷ್ಟಕ್ಕೆ ನನಗೆ ಮೆಮೊ ಬಂತು, ಒಂದು ಇನ್‌ಕ್ರಿಮೆಂಟ್ ಹೋಯಿತು. ಆದರೆ ಆ ಬಳಿಕ ನಮ್ಮ ಪಾಳಿಯಲ್ಲಿ ಯಾರೂ ತಪ್ಪನ್ನು ಮುಚ್ಚಿಡಲಿಲ್ಲ.

ಮನೆಯ ವಿಷಯ ಹೇಳದಿದ್ದರೆ ನನ್ನ ಹೆಂಡತಿ ಒಪ್ಪುವುದಿಲ್ಲ, ಆಕೆ ಎದುರಿಗೇ ಕುಳಿತಿದ್ದಾಳೆ. ಮನೆ ಸಾಲ ತೀರಿಸಲು ನಾನು ಸಿಕ್ಕ ಓವರ್‌ಟೈಮ್ ಎಲ್ಲ ಮಾಡುತ್ತಿದ್ದೆ. ರಾತ್ರಿ ಪಾಳಿ, ಹಗಲು ನಿದ್ದೆ. ಮಗಳು ನಾಲ್ಕನೇ ತರಗತಿಯಲ್ಲಿದ್ದಾಗ "ನನ್ನ ಕುಟುಂಬ" ಎಂದು ಪ್ರಬಂಧ ಬರೆದಿದ್ದಳು. ನನ್ನ ಬಗ್ಗೆ ಎರಡೇ ವಾಕ್ಯ: "ಅಬ್ಬಾ ಮಲಗಿರುತ್ತಾರೆ. ಆಗ ನಾವು ಮೆಲ್ಲಗೆ ಮಾತನಾಡಬೇಕು." ಟೀಚರ್ ಸರಿ ಗುರುತು ಹಾಕಿದ್ದರು.

ಆಮೇಲೆ ನಾನು ಓವರ್‌ಟೈಮ್ ಪೂರ್ತಿ ಬಿಡಲಿಲ್ಲ, ಬಿಡುವ ಸ್ಥಿತಿ ಇರಲಿಲ್ಲ. ಹೆಂಡತಿ ಲೆಕ್ಕ ಹಾಕಿ, ತಿಂಗಳಿಗೆ ಎರಡು ಭಾನುವಾರ ಬಿಟ್ಟರೆ ಕಂತು ನಿಲ್ಲುವುದಿಲ್ಲ ಎಂದು ತೋರಿಸಿದಳು. ಅವಳ ಹೊಲಿಗೆಯ ದುಡ್ಡೂ ಅದರಲ್ಲಿ ಸೇರಿತ್ತು. ಸಮಯ ಒಬ್ಬನೇ ಉಳಿಸುವ ವಸ್ತುವಲ್ಲ, ಪಾಳಿಯ ಗೆಳೆಯರೂ ಬೇಕು. ರಂಜಾನಿನಲ್ಲಿ ಇಫ್ತಾರ್ ಹೊತ್ತಿಗೆ ನಾನು ಮನೆಯಲ್ಲಿರಲೆಂದು ಅವರು ಪಾಳಿ ಬದಲಿಸಿಕೊಳ್ಳುತ್ತಿದ್ದರು. ದೀಪಾವಳಿ, ಯುಗಾದಿಗೆ ನಾನು ನಿಲ್ಲುತ್ತಿದ್ದೆ. ಇದು ಯಾವ ನೋಟಿಸ್ ಬೋರ್ಡಿನಲ್ಲೂ ಇರಲಿಲ್ಲ.

ಆ ಮಗಳು ಡಿಪ್ಲೊಮಾ ಮುಗಿಸಿ ಈಗ ಕೆಲಸದಲ್ಲಿದ್ದಾಳೆ. ನನ್ನ ತಂದೆಯವರು ಬದುಕಿದ್ದರೆ ಏನೆನ್ನುತ್ತಿದ್ದರೋ. ಹೆಣ್ಣು ಮಕ್ಕಳ ಅರ್ಜಿಗಳು ಸಂಘಕ್ಕೆ ಈ ವರ್ಷ ಇನ್ನೂ ಹೆಚ್ಚು ಬರಲಿ ಎಂದು ಪೋಷಕರಲ್ಲಿ ಕೇಳಿಕೊಳ್ಳುತ್ತೇನೆ.

ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ನಾನು ಸಂಘದ ಕಚೇರಿಯಲ್ಲಿರುತ್ತೇನೆ. ಐಟಿಐ, ಡಿಪ್ಲೊಮಾ ಅರ್ಜಿ ತುಂಬುವವರು ಬನ್ನಿ. ಕೆಲಸ ಗೊತ್ತಿದ್ದೂ ಸರ್ಟಿಫಿಕೇಟ್ ಇಲ್ಲದ ದೊಡ್ಡವರೂ ಸಂಕೋಚಪಡದೆ ಬನ್ನಿ. ಅಂಕಪಟ್ಟಿಯ ಎರಡು ಜೆರಾಕ್ಸ್ ಪ್ರತಿ ತರುವುದನ್ನು ಮರೆಯಬೇಡಿ.