ಕೀಲಿ ತಿರುಗಿಸುವ ಮೊದಲು

ಮೋಟಾರು ಕಾರು ಕೈಕೊಡುವ ಮುನ್ನ ಸಾಮಾನ್ಯವಾಗಿ ಕೆಮ್ಮುತ್ತದೆ, ಕುಂಟುತ್ತದೆ, ಹೊಗೆ ಕಾರುತ್ತದೆ. ಟೈಮಿಂಗ್ ಬೆಲ್ಟಿಗೆ ಮಾತ್ರ ಈ ಸೌಜನ್ಯವಿಲ್ಲ. ಒಂದು ಬೆಳಿಗ್ಗೆ ಮನೆಯ ಅಂಗಳದಲ್ಲಿ ನನ್ನ ಹಳೆಯ ಕಾರಿನ ಕೀಲಿ ತಿರುಗಿಸಿದೆ. ಒಳಗೆ ಏನೋ ಪಟ್ಟೆಂದಿತು. ಮತ್ತೆ ತಿರುಗಿಸಿದೆ; ಎಂಜಿನ್ನು ಹಗುರವಾಗಿ ಸುತ್ತಿತೇ ಹೊರತು ಚಾಲೂ ಆಗಲಿಲ್ಲ. ಆ ಎರಡನೆಯ ಸಲ ತಿರುಗಿಸಿದ್ದು ತಪ್ಪೆಂದು ಆಮೇಲೆ ತಿಳಿಯಿತು.

ಈ ಬೆಲ್ಟು ಹಲ್ಲುಗಳುಳ್ಳ ಒಂದು ರಬ್ಬರಿನ ಪಟ್ಟಿ. ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ಶಾಫ್ಟಿಗೂ ವಾಲ್ವುಗಳನ್ನು ತೆರೆಯುವ ಕ್ಯಾಮ್ ಶಾಫ್ಟಿಗೂ ಇದೇ ಕೊಂಡಿ. ಕ್ರ್ಯಾಂಕು ಎರಡು ಸುತ್ತು ಬಂದಾಗ ಕ್ಯಾಮು ಒಂದೇ ಸುತ್ತು ಬರಬೇಕು. ಮೊದಲು ಈ ಕೆಲಸಕ್ಕೆ ಸರಪಳಿಯೋ ಹಲ್ಲಿನ ಚಕ್ರಗಳೋ ಇರುತ್ತಿದ್ದವು. 1962ರ ಸುಮಾರಿಗೆ ಜರ್ಮನಿಯ ಗ್ಲಾಸ್ 1004 ಕಾರಿನೊಡನೆ ರಬ್ಬರಿನ ಪಟ್ಟಿ ರೂಢಿಗೆ ಬಂತು. ಸದ್ದು ತಗ್ಗಿತು, ಆದರೆ ರಬ್ಬರಿಗೆ ಆಯುಸ್ಸಿನ ಮಿತಿಯುಂಟು. ಅನೇಕ ಎಂಜಿನ್ನುಗಳಲ್ಲಿ ಪಟ್ಟಿ ಹರಿದೊಡನೆ, ತೆರೆದು ನಿಂತ ವಾಲ್ವಿಗೆ ಪಿಸ್ಟನ್ನು ಬಂದು ಬಡಿದು ಅದನ್ನು ಬಾಗಿಸಿಬಿಡುತ್ತದೆ.

ಮನೆಯಲ್ಲಿಯೇ ಹೊಸ ಬೆಲ್ಟು ಹಾಕಲು ಹೊರಟವರು ಆ ಕಾರಿನ ಕೈಪಿಡಿಯನ್ನು ಎದುರಿಗೆ ಇಟ್ಟುಕೊಳ್ಳತಕ್ಕದ್ದು. ಎಂಜಿನ್ನು ತಣ್ಣಗಿರಲಿ. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿಡಿ. ಕಾರನ್ನು ಎತ್ತಿದ್ದರೆ ಜಾಕ್ ಒಂದನ್ನೇ ನಂಬದೆ ಗಟ್ಟಿಯಾದ ಸ್ಟ್ಯಾಂಡ್ ಕೊಡಿ. ಪ್ಲಗ್ಗುಗಳನ್ನು ತೆಗೆದರೆ ಎಂಜಿನ್ನನ್ನು ಕೈಯಿಂದ ತಿರುಗಿಸುವುದು ಸುಲಭ. ಎರಡೂ ಚಕ್ರಗಳ ಮೇಲಿನ ಗುರುತುಗಳನ್ನು ಅವುಗಳ ಸ್ಥಾನಕ್ಕೆ ತಂದ ಮೇಲೆಯೇ ಬೆಲ್ಟು ಏರಿಸಬೇಕು. ಅದನ್ನು ಮಡಿಸಬಾರದು, ಎಣ್ಣೆ ಸೋಕಿಸಬಾರದು. ಸಡಿಲವಾದರೆ ಹಲ್ಲು ಹಾರುತ್ತದೆ; ಬಿಗಿ ಹೆಚ್ಚಾದರೆ ಬೇಗ ಸವೆಯುತ್ತದೆ. ಬಿಗಿ ಕೊಡುವ ಪುಲ್ಲಿಯನ್ನೂ ಜೊತೆಯಲ್ಲಿಯೇ ಬದಲಾಯಿಸುವುದು ಜಾಣತನ.

ಇಷ್ಟೆಲ್ಲ ಮುಗಿಸಿ ನಾನು ಕೈ ಒರೆಸಿಕೊಳ್ಳುತ್ತಿದ್ದಾಗ, ಕಾಂಪೌಂಡಿನ ಆಚೆಯಿಂದ ನೋಡುತ್ತಿದ್ದ ನೆರೆಮನೆಯ ಹಿರಿಯರು, "ಇನ್ನೇಕೆ ತಡ ರಾಯರೇ? ಕೀಲಿ ತಿರುಗಿಸಿಬಿಡಿ" ಎಂದರು. ನನಗೂ ಅದೇ ಆಸೆ. ಆದರೆ ಕೈಪಿಡಿಯಲ್ಲಿ ಒಂದು ಸಾಲಿತ್ತು: ಮೊದಲು ಸ್ಪ್ಯಾನರಿನಿಂದ ಕ್ರ್ಯಾಂಕನ್ನು ಎರಡು ಪೂರ್ತಿ ಸುತ್ತು ತಿರುಗಿಸಬೇಕು. ಒಲ್ಲದ ಮನಸ್ಸಿನಿಂದಲೇ ತಿರುಗಿಸಿದೆ. ಅರ್ಧ ಸುತ್ತಿಗೆ ಸ್ಪ್ಯಾನರು ಗೋಡೆಗೆ ತಾಗಿದಂತೆ ನಿಂತಿತು. ಬಲ ಹಾಕಲಿಲ್ಲ. ಬಿಚ್ಚಿ ನೋಡಿದರೆ, ಕ್ಯಾಮ್ ಚಕ್ರದಲ್ಲಿ ಬೇರೊಂದು ಗೀರನ್ನೇ ನಾನು ಗುರುತೆಂದು ಭಾವಿಸಿದ್ದೆ!

ಸರಿಪಡಿಸಿದ ಮೇಲೆ ಎರಡು ಸುತ್ತೂ ಸುಗಮವಾಗಿ ಬಂದವು. ಗುರುತುಗಳು ಮತ್ತೆ ಕೂಡಿದವು. ಪರಿಚಯದ ಮೆಕ್ಯಾನಿಕರು ಮಾಪಕ ತಂದು ಪ್ರತಿಯೊಂದು ಸಿಲಿಂಡರಿನ ಒತ್ತಡ ಅಳೆದರು. ಪುಣ್ಯಕ್ಕೆ ಎಲ್ಲವೂ ಸಮವಾಗಿತ್ತು. ಒಂದರಲ್ಲಿ ಒತ್ತಡ ಏರದಿದ್ದರೆ ವಾಲ್ವು ಬಾಗಿದೆಯೆಂದು ಶಂಕಿಸಬೇಕು. ಆಗ ಎಂಜಿನ್ನಿನ ಹೆಡ್ಡು ಬಿಚ್ಚದೆ ಗತಿಯಿಲ್ಲ.

ಕೀಲಿಗೆ ಕಣ್ಣಿಲ್ಲ, ತಡೆ ಬಂದರೂ ಅದು ತಳ್ಳುತ್ತದೆ. ಕೈಗಾದರೆ ತಡೆ ತಿಳಿಯುತ್ತದೆ. ಆ ಎರಡು ಸುತ್ತುಗಳಿಗೆ ಹಿಡಿದದ್ದು ಕೆಲವೇ ನಿಮಿಷ. ಉಳಿದದ್ದು ಒಂದು ಎಂಜಿನ್ನು.