ಗುರುಗಳ ವೇಳೆಯನ್ನು ಉಳಿಸುವ ಪುಟ್ಟ ಉಪಕರಣಗಳು



ಶತಮಾನೋತ್ಸವದ ವೇದಿಕೆಯಲ್ಲಿ ಕಟ್ಟಡವನ್ನೂ ದಾನಿಗಳನ್ನೂ ಸ್ಮರಿಸುವುದು ವಾಡಿಕೆ. ನಾನು ಶಿಕ್ಷಕರ ಸಂಜೆಯ ಕುರಿತು ಎರಡು ಮಾತು ಆಡಬಯಸುತ್ತೇನೆ. ಶಾಲೆಯ ಗಂಟೆ ಬಾರಿಸಿದ ಬಳಿಕ ಪಾಠಯೋಜನೆ ಬರೆಯುವುದು, ಅಭ್ಯಾಸಹಾಳೆ ಸಿದ್ಧಪಡಿಸುವುದು, ಪ್ರಶ್ನೆಪತ್ರಿಕೆ ರಚಿಸುವುದು, ಅಂಕ ಕೂಡುವುದು ಇವೆಲ್ಲ ಪೋಷಕರ ಕಣ್ಣಿಗೆ ಬೀಳದ ದುಡಿಮೆ.

ಅವಲಪಲ್ಲಿಯಂತಹ ಗಡಿಯೂರಿನಲ್ಲಿ ಈ ದುಡಿಮೆ ಇಮ್ಮಡಿ. ಹೊಸೂರಿನ ಸುತ್ತಮುತ್ತ ಮಗುವಿನ ಕಿವಿಗೆ ಕನ್ನಡ, ತೆಲುಗು, ತಮಿಳು ಮೂರೂ ಬೀಳುತ್ತವೆ. ತಮಿಳುನಾಡಿನ 2006ರ ತಮಿಳು ಕಲಿಕೆ ಕಾಯ್ದೆಯ ಮೇರೆಗೆ ಒಂದನೆಯ ತರಗತಿಯಿಂದ ಮೊದಲ್ಗೊಂಡು ಹಂತಹಂತವಾಗಿ ತಮಿಳು ಕಡ್ಡಾಯವಾಯಿತು. ಇಲ್ಲಿ ಪಠ್ಯಕ್ರಮ ತಮಿಳುನಾಡಿನದು, ಬೋಧನೆಯ ನುಡಿ ಕನ್ನಡ. ಬೆಂಗಳೂರಿನಿಂದ ಕೊಂಡು ತಂದ ಅಭ್ಯಾಸಪುಸ್ತಕವು ಕರ್ನಾಟಕದ ಪಾಠಗಳನ್ನು ಅನುಸರಿಸಿರುತ್ತದೆ. ನಮ್ಮ ಪಾಠಕ್ಕೆ ಅದು ಹೊಂದುವುದಿಲ್ಲ. ಹೀಗಾಗಿ ಬೇಕಾದುದನ್ನು ಶಿಕ್ಷಕರೇ ಬರೆದುಕೊಳ್ಳಬೇಕು.

ಹಿಂದೆ ಸ್ಟೆನ್ಸಿಲ್ ಹಾಳೆಯ ಮೇಲೆ ಕೊರೆದು ಸೈಕ್ಲೋಸ್ಟೈಲ್ ಯಂತ್ರದಲ್ಲಿ ಪ್ರತಿ ತೆಗೆಯುತ್ತಿದ್ದರು. ಅದೂ ಶ್ರಮ ಉಳಿಸುವ ಉಪಕರಣವೇ. ಇಂದು ಆ ಕೆಲಸಕ್ಕೆ ದುಬಾರಿ ತಂತ್ರಾಂಶವೇನೂ ಬೇಡ. ಲಿಬ್ರೆಆಫೀಸ್‌ನಂತಹ ಉಚಿತ ತಂತ್ರಾಂಶದ ಕೋಷ್ಟಕವೊಂದು ಸಾಕು. ಸಾಲಿಗೊಂದು ಪ್ರಶ್ನೆ, ಅದರ ಎದುರು ತರಗತಿ, ಪಾಠ, ಉತ್ತರ, ಕಠಿಣತೆ. ಇನ್ನೊಂದು ಅಂಕಣದಲ್ಲಿ ಗಣಕವೇ ಮನಬಂದಂತೆ ಸಂಖ್ಯೆ ಮೂಡಿಸುವ ಸೂತ್ರವನ್ನಿಟ್ಟು, ಆ ಸಂಖ್ಯೆಯ ಕ್ರಮದಲ್ಲಿ ಜೋಡಿಸಿದರೆ ಪ್ರಶ್ನೆಗಳು ಪ್ರತಿ ಬಾರಿಯೂ ಬೇರೆ ಬೇರೆ ಕ್ರಮದಲ್ಲಿ ಬರುತ್ತವೆ. ಮೊದಲ 10ನ್ನು ಮೇಲ್ ಮರ್ಜ್ ಮೂಲಕ ಮುದ್ರಿಸಿದರೆ ಹೊಸದೊಂದು ಅಭ್ಯಾಸಹಾಳೆ ಸಿದ್ಧ. ಅದೇ ಕೋಷ್ಟಕಕ್ಕೆ ಪಾರಿಭಾಷಿಕ ಪದಗಳ ಪುಟವನ್ನೂ ಸೇರಿಸಬಹುದು: ಕನ್ನಡದಲ್ಲಿ ಭಿನ್ನರಾಶಿ, ತಮಿಳಿನಲ್ಲಿ ಪಿನ್ನಂ, ಇಂಗ್ಲಿಷಿನಲ್ಲಿ ಫ್ರಾಕ್ಷನ್. ಕನ್ನಡದಲ್ಲಿ ಓದಿದ ಮಗು ಮುಂದೆ ಹಿಂದೆ ಬಿದ್ದೀತೆಂಬ ಪೋಷಕರ ಅಂಜಿಕೆಗೆ ಈ ಮೂರು ಅಂಕಣಗಳು ತಕ್ಕಮಟ್ಟಿಗೆ ಸಮಾಧಾನ ನೀಡಬಲ್ಲವು.

ಆದರೆ ಕನ್ನಡದ ಕಡತಗಳಲ್ಲಿ ತೊಡಕೊಂದಿದೆ. ನುಡಿ, ಬರಹದಂತಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಸಿದ್ಧಪಡಿಸಿದ ಕಡತಗಳು ನಮಗೆ ಕನ್ನಡವಾಗಿ ಕಂಡರೂ ಗಣಕಕ್ಕೆ ಅವು ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ. ಅವುಗಳಲ್ಲಿ ಪದ ಹುಡುಕಲಾಗದು, ಅಕಾರಾದಿಯಾಗಿ ಜೋಡಿಸಲಾಗದು. ಮೊದಲು ಯೂನಿಕೋಡಿಗೆ ಪರಿವರ್ತಿಸಬೇಕು. ಅದಕ್ಕೆ ಉಚಿತ ಪರಿವರ್ತಕಗಳಿವೆ. ಹಳೆಯ ಪದ್ಧತಿಯಲ್ಲಿ ಅರ್ಕಾವೊತ್ತಿನ ಸಂಕೇತ ವ್ಯಂಜನದ ನಂತರ ಬರುತ್ತದೆ. ಯೂನಿಕೋಡಿನಲ್ಲಿ ರಕಾರವೇ ಮೊದಲು. ಈ ಸ್ಥಾನಪಲ್ಲಟವನ್ನು ಅರಿಯದ ಪರಿವರ್ತಕವು ‘ಸೂರ್ಯ’, ‘ಧರ್ಮ’ದಂತಹ ಪದಗಳನ್ನು ಕೆಡಿಸುತ್ತದೆ. ಆದ್ದರಿಂದ ಪರಿವರ್ತಿಸಿದ ಪ್ರತಿ ಪುಟವನ್ನೂ ಕನ್ನಡ ಬಲ್ಲವರು ಓದಿ ತಿದ್ದಲೇಬೇಕು. ಕೈಬರಹದ ತಪ್ಪು ಒಂದು ಹಾಳೆಯನ್ನು ಕೆಡಿಸಿದರೆ, ಕೋಷ್ಟಕದ ತಪ್ಪು ಅದರಿಂದ ಹೊರಬರುವ ಎಲ್ಲ ಹಾಳೆಗಳನ್ನೂ ಕೆಡಿಸುತ್ತದೆ.

ಉಪಕರಣದ ಮಿತಿಯನ್ನೂ ನಾವು ಅರಿತಿರಬೇಕು. ಯಾವ ಲೆಕ್ಕವನ್ನು ಹೆಚ್ಚು ಮಕ್ಕಳು ತಪ್ಪಿದರೆಂಬುದನ್ನು ಗಣಕವು ಎಣಿಸಿ ಹೇಳೀತು. ಏಕೆ ತಪ್ಪಿದರು, ಲೆಕ್ಕ ತಿಳಿಯಲಿಲ್ಲವೋ ಪ್ರಶ್ನೆಯ ಭಾಷೆ ತಿಳಿಯಲಿಲ್ಲವೋ ಎಂಬುದನ್ನು ಮಗುವಿನ ಪಕ್ಕದಲ್ಲಿ ಕುಳಿತ ಗುರುವೇ ಕಾಣಬೇಕು. ಹಾಗೆ ಕುಳಿತುಕೊಳ್ಳಲು ವೇಳೆ ದೊರಕಿಸುವುದೇ ಈ ಉಪಕರಣಗಳ ಏಕೈಕ ಪ್ರಯೋಜನ. ಉಳಿದ ವೇಳೆಯಲ್ಲಿ ಇನ್ನೊಂದು ದಾಖಲೆ ಪುಸ್ತಕ ತುಂಬಿಸುವಂತಾದರೆ ಈ ಶ್ರಮವೆಲ್ಲ ವ್ಯರ್ಥ.

ಹೊಸೂರು, ಬೆಂಗಳೂರುಗಳಲ್ಲಿ ಉದ್ಯೋಗದಲ್ಲಿರುವ ಹಿರಿಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ಶಾಲೆಗೆ ಯಂತ್ರ ಕೊಡುವ ಮುನ್ನ ಒಂದು ದಿನ ಬಂದು ಶಿಕ್ಷಕರೊಡನೆ ಕುಳಿತುಕೊಳ್ಳಿ. ಮತ್ತೆ ಮತ್ತೆ ನಕಲು ಮಾಡಬೇಕಾಗಿ ಬರುವ ಕೆಲಸ ಯಾವುದೆಂದು ಅವರನ್ನೇ ಕೇಳಿ. ಅದೊಂದಕ್ಕೆ ಉಪಕರಣ ಮಾಡಿಕೊಡಿ; ನೀವಿಲ್ಲದಾಗಲೂ ಅವರೇ ತಿದ್ದಿಕೊಳ್ಳುವಷ್ಟು ಸರಳವಾಗಿರಲಿ. ನಮಗೆ ಅಕ್ಷರ ತಿದ್ದಿಸಿದವರ ಒಂದು ಸಂಜೆಯನ್ನಾದರೂ ಅವರಿಗೆ ಹಿಂದಿರುಗಿಸೋಣ.