ಈಜಿಪ್ಟಿನ ಹಾಳೆಯಲ್ಲಿ ಕನ್ನಡ: ನಂಬಿಕೆ ಎಷ್ಟು, ಪುರಾವೆ ಎಷ್ಟು?



ಕನ್ನಡ ಎಷ್ಟು ಹಳೆಯದು ಎಂಬ ಮಾತು ಬಂದಾಗಲೆಲ್ಲ ಕರಾವಳಿಯ ವೇದಿಕೆಗಳಲ್ಲಿ ಒಂದು ಗ್ರೀಕ್ ಪ್ರಹಸನದ ಹೆಸರು ಕೇಳಿಬರುವುದುಂಟು. ಕ್ರಿಸ್ತಶಕ ಎರಡನೆಯ ಶತಮಾನದಲ್ಲೇ ಈಜಿಪ್ಟಿನ ರಂಗದ ಮೇಲೆ ಕನ್ನಡ ಮಾತು ಕೇಳಿಸಿತ್ತು, ಆ ಕಥೆ ನಡೆಯುವುದೂ ನಮ್ಮ ಮಲ್ಪೆಯ ಕಡಲ ದಂಡೆಯಲ್ಲಿ ಎಂದು ಭಾಷಣಕಾರರು ಹೇಳುತ್ತಾರೆ. ಸಭೆ ಚಪ್ಪಾಳೆ ತಟ್ಟುತ್ತದೆ. ಅದು ಕನ್ನಡವಲ್ಲ, ತುಳು ಎನ್ನುವವರೂ ಮಂಗಳೂರಿನಲ್ಲಿ ಇದ್ದಾರೆ. ಇವೆರಡರಲ್ಲಿ ಯಾವುದು ನಿಜ? ಅಥವಾ ಎರಡೂ ಅಲ್ಲವೇ? ಚಪ್ಪಾಳೆಯನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಆ ಹಾಳೆಯಲ್ಲಿ ಏನಿದೆ, ವಿದ್ವಾಂಸರು ಏನು ಹೇಳಿದ್ದಾರೆ ಎಂಬುದನ್ನು ನೋಡೋಣ.

ಕೈರೋ ನಗರದ ದಕ್ಷಿಣಕ್ಕೆ ಸುಮಾರು 160 ಕಿ.ಮೀ. ದೂರದಲ್ಲಿ ಹಿಂದೆ ಆಕ್ಸಿರಿಂಕಸ್ ಎಂಬ ಪಟ್ಟಣವಿತ್ತು. ಗ್ರೀಕರು, ಅನಂತರ ರೋಮನರು ಈಜಿಪ್ಟನ್ನು ಆಳಿದ ಕಾಲದಲ್ಲಿ ಅದು ದೊಡ್ಡ ಊರು. ಆ ಊರಿನ ಜನ ತಮಗೆ ಬೇಡವಾದ ಕಾಗದಪತ್ರಗಳನ್ನು ಊರ ಹೊರಗಿನ ತಿಪ್ಪೆಗೆ ಎಸೆಯುತ್ತಿದ್ದರು. ಅಲ್ಲಿ ಮಳೆ ಇಲ್ಲದ ಕಾರಣ ನೈಲ್ ತೀರದ ಜೊಂಡಿನಿಂದ ಮಾಡಿದ ಪಪೈರಸ್ ಹಾಳೆಗಳು ಕೊಳೆಯದೆ ಉಳಿದವು. 1896-97ರ ಚಳಿಗಾಲದಲ್ಲಿ ಆಕ್ಸ್‌ಫರ್ಡಿನ ಗ್ರೆನ್‌ಫೆಲ್ ಮತ್ತು ಹಂಟ್ ಎಂಬಿಬ್ಬರು ವಿದ್ವಾಂಸರು ಆ ತಿಪ್ಪೆಗಳನ್ನು ಅಗೆಯಲು ತೊಡಗಿದರು. ಸಿಕ್ಕಿದ ಹಾಳೆಗಳನ್ನು ಸಂಖ್ಯೆ ಕೊಟ್ಟು ಸಂಪುಟಗಳಲ್ಲಿ ಅಚ್ಚು ಹಾಕಿದರು. 1903ರಲ್ಲಿ ಬಂದ ಮೂರನೆಯ ಸಂಪುಟದಲ್ಲಿ 413ನೆಯ ಸಂಖ್ಯೆಯ ಹಾಳೆಯೇ ನಮ್ಮ ಪ್ರಹಸನ. ಅಕ್ಷರಗಳ ರೂಪ ನೋಡಿ ಅದು ಎರಡನೆಯ ಶತಮಾನದ್ದೆಂದು ನಿರ್ಧರಿಸಲಾಗಿದೆ. ಹಾಳೆ ಈಗ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ.

ಕಥೆ ಸರಳವಾದದ್ದು. ಕ್ಯಾರಿಷನ್ ಎಂಬ ಗ್ರೀಕ್ ಹುಡುಗಿ ಭಾರತದ ಕಡಲತೀರದ ಒಂದು ಚಂದ್ರದೇವತೆಯ ಗುಡಿಯಲ್ಲಿ ಸೆರೆಯಾಗಿದ್ದಾಳೆ. ಅವಳನ್ನು ಬಿಡಿಸಲು ಅಣ್ಣ ಹಡಗಿನಲ್ಲಿ ಬರುತ್ತಾನೆ. ಜತೆಗೊಬ್ಬ ವಿದೂಷಕ. ಹೋಗುವಾಗ ಗುಡಿಯ ಒಡವೆಗಳನ್ನೂ ಕದ್ದೊಯ್ಯೋಣ ಎಂದು ವಿದೂಷಕ ಹೇಳಿದರೆ, ಹುಡುಗಿ ಒಪ್ಪುವುದಿಲ್ಲ. ಆ ನಾಡಿನ ಅರಸನಿಗೂ ಅವನ ಪರಿವಾರಕ್ಕೂ ದ್ರಾಕ್ಷಾಮದ್ಯವನ್ನು ಧಾರಾಳವಾಗಿ ಕುಡಿಸುತ್ತಾರೆ. ಗ್ರೀಕರು ಮದ್ಯಕ್ಕೆ ನೀರು ಬೆರೆಸಿ ಕುಡಿಯುವವರು. ಈ ಸೀಮೆಯಲ್ಲಿ ಮದ್ಯ ಮಾರಾಟಕ್ಕೇ ಸಿಗದು, ಆಸೆಗೆ ಬಿದ್ದು ನೀರು ಬೆರೆಸದೆ ಕುಡಿಯುತ್ತಾರೆ ಎಂಬ ವಿವರಣೆ ನಾಟಕದಲ್ಲೇ ಬರುತ್ತದೆ. ಅಮಲೇರಿದ ಅರಸನನ್ನು ಕಟ್ಟಿಹಾಕಿ ಎಲ್ಲರೂ ಹಡಗು ಹತ್ತುತ್ತಾರೆ. ಯೂರಿಪಿಡೀಸನ ಒಂದು ಗಂಭೀರ ನಾಟಕದ ಕಥೆಯನ್ನೇ ಇಲ್ಲಿ ನಗೆಗೆ ಇಳಿಸಲಾಗಿದೆ. ಎಲ್ಲೆಲ್ಲಿ ವಾದ್ಯ ಬಡಿಯಬೇಕೆಂಬ ಗುರುತುಗಳೂ ಹಾಳೆಯಲ್ಲಿವೆ.

ಅರಸನೂ ಅವನ ಜನರೂ ಆಡುವ ಕೆಲವು ಮಾತುಗಳು ಗ್ರೀಕ್ ಲಿಪಿಯಲ್ಲಿದ್ದರೂ ಗ್ರೀಕ್ ಭಾಷೆಯವಲ್ಲ. ಹಾಗಾದರೆ ಅವು ಯಾವ ಭಾಷೆಯವು?

ಈ ಪ್ರಶ್ನೆಗೆ ಮೊದಲು ಕನ್ನಡ ಎಂಬ ಉತ್ತರ ಕೊಟ್ಟವರು ಕನ್ನಡಿಗರಲ್ಲ, ಜರ್ಮನಿಯ ಹುಲ್ಚ್. ಮದ್ರಾಸ್ ಸರಕಾರದ ಶಾಸನತಜ್ಞರಾಗಿದ್ದ ಅವರು ಮುಂದೆ ಅಶೋಕನ ಶಾಸನಗಳನ್ನು ಸಂಪಾದಿಸಿ ಪ್ರಸಿದ್ಧರಾದವರು. 1904ರಲ್ಲಿ ಅವರು ಒಂದು ಸೂಚನೆ ಮುಂದಿಟ್ಟರು. ಹಾಳೆಯಲ್ಲಿರುವ 'ಬೆರೆ' ಎಂಬುದು ಬೇರೆ, 'ಕೊನ್ಝೈ' ಎಂಬುದು ಕೊಂಚ, 'ದಮುನ್' ಎಂಬುದು ಮಧು, 'ಪೆತ್ರೆಕಿಯೊ' ಎಂಬುದು ಪಾತ್ರಕ್ಕೆ, 'ಪಕ್ತೈ' ಎಂಬುದು ಹಾಕಿ. ಒಟ್ಟಿನಲ್ಲಿ ಬೇರೆಯಾಗಿ ಸ್ವಲ್ಪ ಮದ್ಯವನ್ನು ಬಟ್ಟಲಿಗೆ ಹಾಕುವ ಮಾತು. ಕುಡಿತದ ದೃಶ್ಯಕ್ಕೆ ಅದು ಸರಿಯಾಗಿ ಹೊಂದುತ್ತದೆ. ಇನ್ನೊಂದು ಉದ್ದನೆಯ ಮಾತಿನಲ್ಲಿಯೂ ಪಾನ, ಬೇರೆ, ಎತ್ತಿ, ಕಟ್ಟಿ, ಎತ್ತುವೆನು ಎಂಬ ಪದಗಳು ಅವರಿಗೆ ಕಂಡವು. ಆದ್ದರಿಂದ ಕಥೆಯ ಸ್ಥಳ ಕಾರವಾರಕ್ಕೂ ಮಂಗಳೂರಿಗೂ ನಡುವಿನ ಯಾವುದೋ ಸಣ್ಣ ಬಂದರು ಎಂದು ಹುಲ್ಚ್ ತೀರ್ಮಾನಿಸಿದರು.

ಆಮೇಲೆ ನಮ್ಮವರು ಕೈಹಚ್ಚಿದರು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಮೈಸೂರಿನ ಆರ್. ಶಾಮಶಾಸ್ತ್ರಿಗಳು ಹುಲ್ಚ್ ಬಿಟ್ಟಿದ್ದ ಮಾತುಗಳಿಗೂ ಕನ್ನಡ ಅರ್ಥ ಹೊಂದಿಸಲು ಯತ್ನಿಸಿದರು. ತುಳುವ ನಾಡಿನ ಇತಿಹಾಸ ಬರೆದ ಭಾಸ್ಕರ ಆನಂದ ಸಾಲೆತ್ತೂರರು 'ಮಲ್ಪಿನಿಯಕ್' ಎಂಬ ಅಕ್ಷರಗಳಲ್ಲಿ ಮಲ್ಪೆಯ ನಾಯಕನನ್ನು ಕಂಡು, ಕಥೆಯ ಸ್ಥಳ ಮಲ್ಪೆಯ ಹತ್ತಿರದ ವಡಭಾಂಡೇಶ್ವರ ಎಂದರು. ಮಂಜೇಶ್ವರದ ಗೋವಿಂದ ಪೈಗಳು ಭಾಷೆ ಕನ್ನಡವೆಂದು ಒಪ್ಪಿದರೂ ಸ್ಥಳದ ವಿಚಾರದಲ್ಲಿ ಬೇರೆ ಮಾತು ಹೇಳಿದರು. ಅದು ಉದ್ಯಾವರ ಎಂಬುದು ಅವರ ಮತ. 1985ರಲ್ಲಿ ಶಿವಪ್ರಸಾದ ರೈ ಅವರು ಇದು ತುಳು-ಗ್ರೀಕ್ ನಾಟಕವೆಂದು ಪುಸ್ತಕವನ್ನೇ ಬರೆದರು.

ವಿರೋಧವೂ ಬೇಗನೆ ಬಂತು. ಬ್ರಿಟಿಷ್ ಮ್ಯೂಸಿಯಂನ ಕನ್ನಡ ಪುಸ್ತಕಗಳ ಪಟ್ಟಿಯನ್ನು ತಯಾರಿಸಿದ್ದ, ಕನ್ನಡ ಬಲ್ಲ ಎಲ್. ಡಿ. ಬಾರ್ನೆಟ್ 1926ರಲ್ಲಿ ಈಜಿಪ್ಟಿನ ಪುರಾತತ್ವದ ಒಂದು ಪತ್ರಿಕೆಯಲ್ಲಿ ಈ ವಾದಗಳನ್ನು ಪರಿಶೀಲಿಸಿದರು. ಲೇಖನದ ಹೆಸರಿನಲ್ಲೇ ಅವರು ಆ ಮಾತುಗಳನ್ನು 'ಕನ್ನಡವೆನ್ನಲಾದ' ಎಂದು ಕರೆದಿದ್ದರು. ಆ ವಿವರಣೆಗಳು ಅವರಿಗೆ ಒಪ್ಪಿಗೆಯಾಗಲಿಲ್ಲ.

ಈಜಿಪ್ಟಿನ ಹಾಳೆಯಲ್ಲಿ ತಮ್ಮದನ್ನು ಕಂಡವರು ನಾವು ಮಾತ್ರ ಅಲ್ಲ. ಅಮೆರಿಕದ ಮಾರ್ಮನ್ ಪಂಥದ ಉದಾಹರಣೆ ಜಗತ್ಪ್ರಸಿದ್ಧವಾದದ್ದು. ಆ ಪಂಥದ ಸ್ಥಾಪಕ ಜೋಸೆಫ್ ಸ್ಮಿತ್ ಮತ್ತು ಅನುಯಾಯಿಗಳು 1835ರಲ್ಲಿ ಓಹಾಯೋ ರಾಜ್ಯದ ಕರ್ಟ್‌ಲ್ಯಾಂಡಿನಲ್ಲಿ ಒಬ್ಬ ವ್ಯಾಪಾರಿಯಿಂದ ನಾಲ್ಕು ಮಮ್ಮಿಗಳನ್ನೂ ಅವುಗಳೊಂದಿಗಿದ್ದ ಪಪೈರಸ್ ಸುರುಳಿಗಳನ್ನೂ ಕೊಂಡರು. ಅವುಗಳಲ್ಲಿ ಬೈಬಲಿನ ಅಬ್ರಹಾಮನ ಬರಹವಿದೆ ಎಂದು ಸ್ಮಿತ್ ಸಾರಿದ. 1842ರಲ್ಲಿ ಅದರ ಅನುವಾದವೆಂದು ಪ್ರಕಟವಾದ ಅಬ್ರಹಾಮನ ಗ್ರಂಥ ಆ ಪಂಥದ ಪವಿತ್ರ ಗ್ರಂಥಗಳಲ್ಲಿ ಒಂದಾಯಿತು. ಫ್ರಾನ್ಸಿನ ಶಾಂಪೋಲಿಯನ್ 1822ರಲ್ಲೇ ಈಜಿಪ್ಟಿನ ಲಿಪಿಯ ಗುಟ್ಟು ಬಿಡಿಸಿದ್ದರೂ ಆ ವಿದ್ಯೆ ಓಹಾಯೋದ ಹಳ್ಳಿಗಳನ್ನು ಮುಟ್ಟಿರಲಿಲ್ಲ.

ಸುರುಳಿಗಳು ಸುಟ್ಟುಹೋದವೆಂದೇ ಬಹುಕಾಲ ನಂಬಲಾಗಿತ್ತು. ಆದರೆ ಕೆಲವು ತುಂಡುಗಳು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಸಿಕ್ಕಿ, 1967ರಲ್ಲಿ ಮಾರ್ಮನ್ ಚರ್ಚಿನ ಕೈಸೇರಿದವು. ಈಜಿಪ್ಟ್ ತಜ್ಞರು ಅವುಗಳನ್ನು ಓದಿದರು. ಅವು ಹೋರ್ ಎಂಬ ಅರ್ಚಕನೇ ಮೊದಲಾದವರ ಶವಗಳ ಜತೆ ಇಟ್ಟ, ಸತ್ತವರ ಪರಲೋಕಯಾತ್ರೆಗೆ ಬೇಕಾದ ಮಂತ್ರಗಳು. ಅಬ್ರಹಾಮನ ಕಾಲವೆಂದು ಹೇಳುವುದಕ್ಕಿಂತ ಬಹಳ ಈಚಿನವು. ಅವುಗಳಲ್ಲಿ ಅಬ್ರಹಾಮನ ಹೆಸರೇ ಇಲ್ಲ. ಉಳಿದಿರುವ ತುಂಡುಗಳಿಗೂ ಅಬ್ರಹಾಮನ ಗ್ರಂಥಕ್ಕೂ ಹೊಂದಿಕೆ ಇಲ್ಲವೆಂದು ಚರ್ಚೇ 2014ರ ಒಂದು ಪ್ರಬಂಧದಲ್ಲಿ ಒಪ್ಪಿತು. ಮೂಲ ಬರಹ ಕಳೆದುಹೋದ ಭಾಗದಲ್ಲಿ ಇದ್ದಿರಬಹುದು, ಅಥವಾ ಸುರುಳಿಗಳು ದೈವಪ್ರೇರಣೆಗೆ ನೆಪವಾಗಿದ್ದಿರಬಹುದು ಎಂಬುದು ನಂಬುವವರ ಸಮಾಧಾನ. ದೈವಪ್ರೇರಣೆಯ ಮಾತನ್ನು ಪುರಾತತ್ವ ಅಳೆಯಲಾರದು. ಹಾಳೆಯಲ್ಲಿ ಏನು ಬರೆದಿದೆ ಎಂಬುದನ್ನು ಮಾತ್ರ ಅದು ಹೇಳಬಲ್ಲದು. ಅದನ್ನು ಹೇಳಿಯೂ ಆಯಿತು.

ನಮ್ಮ ಪ್ರಹಸನದ ಸಂಗತಿ ಅಷ್ಟು ಸುಲಭವಲ್ಲ. ಇಲ್ಲಿ ಲಿಪಿ ಗೊತ್ತು, ಭಾಷೆ ಗೊತ್ತಿಲ್ಲ. ಹುಲ್ಚ್ ಕೂಡ ಪ್ರವಾದಿಯಲ್ಲ, ಶಾಸ್ತ್ರ ಬಲ್ಲ ಪಂಡಿತ. ಆದರೂ ಅಳತೆಗೋಲು ಒಂದೇ. ಮೊದಲು ನಂಬಿ ಆಮೇಲೆ ಓದಿದರೆ ಯಾವ ಹಾಳೆಯಲ್ಲೂ ಏನು ಬೇಕಾದರೂ ಸಿಗುತ್ತದೆ. ಆದ್ದರಿಂದ ಕನ್ನಡದ ವಾದವನ್ನು ಒಂದೊಂದಾಗಿ ತೂಗಿ ನೋಡಬೇಕು.

ಮೊದಲನೆಯದು, ಸಿಕ್ಕಿದ ಪದಗಳ ಗುಣ. ಪಾನ, ಪಾತ್ರ, ಮಧು ಮೂರೂ ಸಂಸ್ಕೃತ ಪದಗಳು. ಅವು ಹಾಳೆಯಲ್ಲಿ ಇದ್ದರೂ ಭಾರತದ ಯಾವುದಾದರೂ ಒಂದು ಭಾಷೆ ಎನ್ನಬಹುದೇ ಹೊರತು ಕನ್ನಡವೆನ್ನಲು ಸಾಲದು. ಅದರಲ್ಲೂ 'ದಮುನ್' ಮಧುವಾಗಬೇಕಾದರೆ ಅಕ್ಷರಗಳನ್ನು ಹಿಂದುಮುಂದು ಮಾಡಬೇಕು. ಕನ್ನಡದ ಭಾರವನ್ನೆಲ್ಲ ಹೊರಬೇಕಾದವು ಬೇರೆ, ಕೊಂಚ, ಹಾಕಿ, ಎತ್ತಿ ಮುಂತಾದ ನಾಲ್ಕಾರು ಪದಗಳು ಮತ್ತು 'ಕ್ಕೆ' ಎಂಬ ಪ್ರತ್ಯಯ.

ಎರಡನೆಯದು, ಕಾಲ. ಈ ಓದಿನಲ್ಲಿ ಬರುವುದು ಬಹುಮಟ್ಟಿಗೆ ಇಂದಿನ ಕನ್ನಡ. ಎತ್ತುವೆನು ಎಂಬುದಕ್ಕೆ ಹಳಗನ್ನಡದಲ್ಲಿ ಎತ್ತುವೆಂ ಎಂಬ ರೂಪ. ಪಂಪನಿಗಿಂತ ಎಂಟು ಶತಮಾನ ಹಿಂದಿನ ಮಾತು ನಮ್ಮ ಮನೆಮಾತಿನಂತೆ ಕೇಳಿಸಿದರೆ ಸಂಶಯಪಡಬೇಕು. ಇದರಲ್ಲಿ ಹುಲ್ಚ್ ಪರವಾದ ಅಂಶವೂ ಒಂದಿದೆ. ಹಳಗನ್ನಡದ ಪಕಾರ ಮುಂದೆ ಹಕಾರವಾದದ್ದು ಎಲ್ಲರಿಗೂ ತಿಳಿದದ್ದೇ: ಪಾಲು ಹಾಲಾಯಿತು, ಪೂವು ಹೂವಾಯಿತು. ಹಾಕಿ ಎಂಬುದಕ್ಕೆ ಹಾಳೆಯಲ್ಲಿ ಪಕಾರದ 'ಪಕ್ತೈ' ಇರುವುದು ಆ ಮಟ್ಟಿಗೆ ಸರಿಯಾಗಿಯೇ ಇದೆ. ಆದರೆ ಆ ಕಾಲದ ಕನ್ನಡ ಹೇಗಿತ್ತೆಂದು ಹೋಲಿಸಿ ನೋಡಲು ನಮ್ಮಲ್ಲಿ ಬರಹವೇ ಇಲ್ಲ. ಹಲ್ಮಿಡಿ ಶಾಸನ ಸುಮಾರು 450ರದು. ತಾಳಗುಂದದ ಒಂದು ಶಾಸನವನ್ನು 370ರ ಸುಮಾರಿಗೆ ಒಯ್ಯುವವರಿದ್ದಾರೆ. ಅದನ್ನು ಒಪ್ಪಿದರೂ ಹಾಳೆ ಇನ್ನೂ ಹಿಂದಿನದು.

ಮೂರನೆಯದು, ಕಡಿಯುವ ರೀತಿ. ಕೆಲವು ಮಾತುಗಳು ಎಡೆಬಿಡದ ಉದ್ದ ಸಾಲುಗಳು. ಎಲ್ಲಿ ಕಡಿಯಬೇಕೆಂಬುದು ಓದುವವನ ಇಷ್ಟ. 'ಮಲ್ಪಿನಿಯಕ್' ಎಂಬ ಅಕ್ಷರಗಳಲ್ಲಿ ಸಾಲೆತ್ತೂರರಿಗೆ ಮಲ್ಪೆಯ ನಾಯಕ ಕಂಡರು. ಮಂಗಳೂರಿನ ಯಾವ ತುಳುವರನ್ನು ಕೇಳಿದರೂ ಅದರಲ್ಲಿ 'ಮಲ್ಪಿನಿ', ಅಂದರೆ ಮಾಡುವುದು ಎಂಬ ಪದ ಇದೆಯಲ್ಲ ಎಂದಾರು. ಆದರೆ ತುಳುವಿಗೆ 'ಬೆರೆ' ಅಡ್ಡಬರುತ್ತದೆ; ಅಲ್ಲಿ ಬೇರೆ ಎಂಬುದಕ್ಕೆ 'ಬೇತೆ' ಎನ್ನುತ್ತಾರೆ. ಒಂದೇ ಅಕ್ಷರಗಳು ಒಬ್ಬರಿಗೆ ಊರಿನ ಹೆಸರು, ಇನ್ನೊಬ್ಬರಿಗೆ ಕ್ರಿಯಾಪದ. ಕಿವಿ ತನಗೆ ಪರಿಚಯವಿದ್ದದ್ದನ್ನೇ ಕೇಳುತ್ತದೆ.

ನಾಲ್ಕನೆಯದು, ಉಳಿದ ಮಾತುಗಳು. ಅದೇ ಅರಸ ಅದೇ ಉಸಿರಿನಲ್ಲಿ ಆಡುವ 'ಕೊರ್ತಮೆಸ್', 'ದೆಪೊಮೆನ್ಝಿ', 'ಲೊಲೊ' ಎಂಬಂಥವುಗಳಿಗೆ ಎಲ್ಲರೂ ಒಪ್ಪುವ ಅರ್ಥವನ್ನು ಯಾರೂ ಹೇಳಿಲ್ಲ. ಬೀಗದ ಕೈ ಸರಿಯಾದದ್ದಾದರೆ ಪೆಟ್ಟಿಗೆ ಪೂರ್ತಿ ತೆರೆಯಬೇಕು. ಇನ್ನೂ ಒಂದು ಪರೀಕ್ಷೆ ನಾಟಕದೊಳಗೇ ಇದೆ. 'ಇವರು ಹೇಳುವುದೇನು?' ಎಂದು ಗ್ರೀಕರಲ್ಲಿ ಒಬ್ಬ ಕೇಳಿದಾಗ ಇನ್ನೊಬ್ಬ ಅರ್ಥ ಹೇಳುತ್ತಾನೆ: ಒಂದು ಕಡೆ ಬೇಗ ಕುಡಿಯಲು ಕೊಡು ಎಂದು, ಮತ್ತೊಂದು ಕಡೆ ಪಾಲಿಗೆ ಚೀಟಿ ಎತ್ತೋಣ ಎಂದು. ಕನ್ನಡದ ವಾದ ಗೆಲ್ಲಬೇಕಾದರೆ ಆ ಜಾಗದ ಮಾತುಗಳಲ್ಲೇ ಆ ಅರ್ಥ ಸ್ಪಷ್ಟವಾಗಿ ಹೊರಡಬೇಕು. ಸಂಶಯಕ್ಕೆ ಎಡೆಯಿಲ್ಲದಂತೆ ಅದು ಹೊರಟಿಲ್ಲ.

ಐದನೆಯದು, ಪ್ರಹಸನದ ಸ್ವಭಾವ. ಪರಭಾಷೆಯವರ ಮಾತಿನ ಧಾಟಿ ಹಿಡಿದು ಅರ್ಥವಿಲ್ಲದ ಸದ್ದಿನಿಂದಲೇ ಜನರನ್ನು ನಗಿಸುವುದು ರಂಗದ ಹಳೆಯ ಯುಕ್ತಿ. ನಮ್ಮ ಯಕ್ಷಗಾನದ ಹಾಸ್ಯಗಾರನಿಗೂ ಅದು ಗೊತ್ತು. ಗ್ರೀಸಿನ ಅರಿಸ್ಟೊಫನೀಸ್ ಒಬ್ಬ ಪರ್ಷಿಯನ್ ಪಾತ್ರದ ಬಾಯಲ್ಲಿ ಇಂಥ ಕಲಸುಮಾತು ಆಡಿಸಿದ್ದಾನೆ. ಇದಕ್ಕೆ ಎದುರಾಗಿ ರೋಮಿನ ಪ್ಲಾಟಸ್ ತನ್ನ ಒಂದು ಹಾಸ್ಯನಾಟಕದಲ್ಲಿ ನಿಜವಾದ ಕಾರ್ಥೇಜಿನ ಭಾಷೆಯನ್ನೇ ಬಳಸಿದ್ದಾನೆ. ಎರಡು ದಾರಿಯೂ ಇದ್ದವು. ನಮ್ಮ ಹಾಳೆ ಯಾವ ದಾರಿ ಹಿಡಿದಿದೆ ಎಂಬುದು ತೀರ್ಮಾನವಾಗಿಲ್ಲ. ನಾವಿಕರಿಂದ ಕೇಳಿದ ನಾಲ್ಕು ನಿಜವಾದ ಪದಗಳನ್ನು ಅರ್ಥವಿಲ್ಲದ ಸದ್ದಿನೊಡನೆ ಕಲಸಿರುವುದೂ ಸಾಧ್ಯ.

ಹಾಗೆಂದು ಈಜಿಪ್ಟಿಗೂ ನಮ್ಮ ಕರಾವಳಿಗೂ ನಂಟೇ ಇರಲಿಲ್ಲವೆಂದಲ್ಲ. ಮೊದಲನೆಯ ಶತಮಾನದ ರೋಮನ್ ಲೇಖಕ ಪ್ಲಿನಿ ಈ ಪಶ್ಚಿಮ ತೀರದ ನಿತ್ರಿಯಾಸ್ ಎಂಬ ಸ್ಥಳದ ಕಡಲ್ಗಳ್ಳರ ಬಗ್ಗೆ ಎಚ್ಚರಿಸಿದ್ದಾನೆ. ಅದು ನೇತ್ರಾವತಿಯ ಮುಖದ ಮಂಗಳೂರೇ ಎನ್ನುವ ವಿದ್ವಾಂಸರಿದ್ದಾರೆ. ಕೇರಳದ ಮುಜಿರಿಸ್ ಬಂದರಿನ ವ್ಯಾಪಾರಕ್ಕೆ ಸಂಬಂಧಿಸಿದ ಎರಡನೆಯ ಶತಮಾನದ ಸಾಲಪತ್ರವೊಂದು ಪಪೈರಸ್ಸಿನ ಮೇಲೆಯೇ ಬರೆದದ್ದು, ಈಗ ವಿಯೆನ್ನಾದಲ್ಲಿದೆ. ಕೆಂಪು ಸಮುದ್ರದ ಹಳೆಯ ಬಂದರು ಕುಸೈರ್ ಅಲ್ ಕದೀಮ್‌ನಲ್ಲಿ ತಮಿಳು ಬ್ರಾಹ್ಮಿಯಲ್ಲಿ ಕಣನ್, ಚಾತನ್ ಎಂಬ ಹೆಸರುಗಳನ್ನು ಕೊರೆದ ಮಡಕೆಚೂರುಗಳು ಸಿಕ್ಕಿವೆ. ಬೆರೆನಿಕೆ ಬಂದರಿನಲ್ಲಿ 2022ರಲ್ಲಿ ಬುದ್ಧನ ವಿಗ್ರಹವೂ ದೊರೆಯಿತು. ಭಾರತೀಯರು ಅಲ್ಲಿಗೆ ಹೋಗಿದ್ದರು ಎಂಬುದಕ್ಕೆ ಇವು ಗಟ್ಟಿ ಸಾಕ್ಷಿಗಳು. ಈ ಚೂರುಗಳನ್ನು ಓದಲು ಅಕ್ಷರ ಹಿಂದುಮುಂದು ಮಾಡಬೇಕಾಗಿಲ್ಲ, ಸಾಲು ಕಡಿಯಬೇಕಾಗಿಲ್ಲ. ಅಂಥ ಒಂದು ಚೂರಿನಲ್ಲಿ ಕನ್ನಡದ್ದೋ ತುಳುವಿನದೋ ಒಂದು ಸಾಲು ನಾಳೆ ಸಿಕ್ಕರೆ ಅದೇ ದೊಡ್ಡ ಪುರಾವೆಯಾಗುತ್ತದೆ.

ಅಲ್ಲಿಯವರೆಗೆ ನ್ಯಾಯವಾಗಿ ಹೇಳಬಹುದಾದದ್ದು ಇಷ್ಟು. ಪ್ರಹಸನದ ಕಥೆ ಭಾರತದ ಕಡಲತೀರದಲ್ಲಿ ನಡೆಯುವುದು ನಿಜ. ಆ ಮಾತುಗಳಲ್ಲಿ ಕನ್ನಡ ಇದ್ದಿರಬಹುದು ಎಂಬುದು ದೊಡ್ಡ ವಿದ್ವಾಂಸರೊಬ್ಬರ ಊಹೆ. ಅದು ಸಾಬೀತಾಗಿಲ್ಲ. ಮಲ್ಪೆ, ವಡಭಾಂಡೇಶ್ವರಗಳು ಆ ಊಹೆಯ ಮೇಲೆ ಕಟ್ಟಿದ ಊಹೆಗಳು.

ಇದರಿಂದ ಕನ್ನಡಕ್ಕೆ ನಷ್ಟವೇನು? ಏನೂ ಇಲ್ಲ. 2008ರಲ್ಲಿ ಶಾಸ್ತ್ರೀಯ ಭಾಷೆಯೆಂಬ ಮಾನ್ಯತೆ ಪಡೆದ ಭಾಷೆ ಇದು. ಹಲ್ಮಿಡಿಯ ಕಲ್ಲು ಇದೆ, ಕವಿರಾಜಮಾರ್ಗ ಇದೆ, ಸಾವಿರಾರು ಶಾಸನಗಳಿವೆ. ಇವುಗಳನ್ನು ಯಾರು ಪರೀಕ್ಷಿಸಿದರೂ ಅಲುಗಾಡಿಸಲಾರರು. ಆದರೆ ಊಹೆಯನ್ನು ಪುರಾವೆಯೆಂದು ಮಕ್ಕಳಿಗೆ ಕಲಿಸಿದರೆ, ನಾಳೆ ಅದು ಬಿದ್ದಾಗ ಗಟ್ಟಿಯಾದ ಪುರಾವೆಗಳ ಮೇಲೂ ಅವರಿಗೆ ಸಂಶಯ ಹುಟ್ಟುತ್ತದೆ. ಆದ್ದರಿಂದ ಮುಂದಿನ ಸಲ ವೇದಿಕೆಯಲ್ಲಿ ಈ ನಾಟಕದ ಹೆಸರು ಬಂದಾಗ 'ಕನ್ನಡವೇ' ಎನ್ನುವ ಬದಲು 'ಕನ್ನಡವಿರಬಹುದೆಂದು ಹುಲ್ಚ್ ಊಹಿಸಿದ್ದರು' ಎಂದರೆ ಸಾಕು. ಚಪ್ಪಾಳೆ ಸ್ವಲ್ಪ ಕಡಿಮೆಯಾದೀತು. ಮಾತು ಮಾತ್ರ ನಿಲ್ಲುತ್ತದೆ.